ಮಾಬವ್ವ ಬಿತ್ತದ ಸಾಲು

ಆಗಿನ್ನೂ ನಮ್ಮೂರಲ್ಲಿ ಹಿಂಗಾರಿ ಜೋಳವನ್ನು ಕೂರಿಗೆಯಲ್ಲೇ ಬಿತ್ತುತ್ತಿದ್ದರು. ಹಸಿ ಎರೆಮಣ್ಣಿನ ವಾಸನೆ, ಬದುವಿನ ಮೇಲೆ ಬುತ್ತಿ ಬಿಚ್ಚಿದರೆ ಶೇಂಗಾ ಹಿಂಡಿಯ ವಾಸನೆ. ದೇವಣಗಾಂವದ ಸುತ್ತ ಬೀಜ ಬಿಡುವುದಕ್ಕೆ, ನಾನು ಚಿಗವ್ವ ಎಂದು ಕರೆಯುತ್ತಿದ್ದ ಕೂಲಿಯ ಮಾಬವ್ವನೇ ಬೇಕು. ಕೂರಿಗೆಯ ಬಟ್ಟಲಿಗೆ ಅವಳು ಮುಷ್ಟಿ ಸಡಿಲಿಸಿದರೆ ಅದರ ಕೆಳಗಿನ ಮೂರೂ ಕೊಳವೆಗಳಲ್ಲಿ, ತಾಳುಗಳಲ್ಲಿ, ಕಾಳು ಸಮನಾಗಿ ಇಳಿಯುತ್ತಿತ್ತು. ಆದರೂ ಸಾಲು ಸಾಲಿಗೂ ಬಗ್ಗಿ, ತಾಳಿಗೆ ಮಣ್ಣು ಕಟ್ಟಿ ಬೀಜ ನಿಂತಿದೆಯೇ ಎಂದು ನೋಡುತ್ತಿದ್ದಳು.

"ಇಷ್ಟು ವರ್ಷಾದ್ರೂ ನಿನ್ನ ಕೈ ಮ್ಯಾಲ ನಿನಗ ಧೈರ್ಯ ಇಲ್ಲೇನ ಚಿಗವ್ವ?" ಎಂದೆ.

"ಧೈರ್ಯ ಐತಿ, ಅದಕ್ಕ ನೋಡತೇನಿ."

ನಾನು ಆಗ ಎಂಟನೇ ಇಯತ್ತೆ, ವರ್ಗಕ್ಕೇ ಮೊದಲು. ಅಪ್ಪ ಸಿಂದಗಿ ಸಂತೆಗೆ ಹೋಗಿದ್ದ ದಿನ, "ಸರಿ, ನಾ ಬಿತ್ತತೇನಿ" ಎಂದು ಅವಳ ಉಡಿಯ ಬೀಜ ಕಸಿದುಕೊಂಡೆ.

"ತಾಳು ನೋಡಕೋತ ಬಾರವ್ವ."

"ಸಾಲಿ ಕಟ್ಟಿ ಹತ್ತದಾಕಿ ನೀ ನನಗೇನ ಹೇಳ್ತಿ?"

ಅವಳು ಬದುವಿನತ್ತ ನಡೆದಳು. ಎತ್ತು ಹೊಡೆಯುತ್ತಿದ್ದ ಕಾಕಾ ನಕ್ಕ: "ತಹಶೀಲ್ದಾರ ಬಾಯಾರು ಬಿತ್ತಾಕತ್ತಾರ, ಎತ್ತುಗಳ್ರ್ಯಾ, ಮರ್ಯಾದಿಲೆ ನಡೀರಿ!" ಮಾಬವ್ವ ಬದುವಿನ ಮೇಲೆ ಕೂತು ಕಾಲಿನ ಮುಳ್ಳು ತೆಗೆಯುತ್ತಿದ್ದಳು. ನಾನು ಒಮ್ಮೆಯೂ ಬಗ್ಗಲಿಲ್ಲ.

ವಾರ ಕಳೆದು ಮೊಳಕೆ ಎದ್ದಾಗ, ನಾನು ಬಿತ್ತಿದಲ್ಲೆಲ್ಲ ಮೂರಕ್ಕೊಂದು ಸಾಲು ಬೋಳು.

"ಯಾರ ಬಿತ್ತೀರಿದನ್ನ?" ಅಪ್ಪ ಚೀರಿದ. ಹೆಣ್ಣುಹುಡುಗಿಗೆ ಸಾಲಿ ಸಾಕು ಅನ್ನಲು ಅವನಿಗೆ ಒಂದು ನೆವ ಬೇಕಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಕಾಕಾ ನನ್ನ ಮುಖ ನೋಡಿದ.

"ನಂದ ತಪ್ಪಾತ್ರಿ ಅಣ್ಣಾರ. ತಾಳು ಕಟ್ಟಿದ್ದು ನೋಡಲಿಲ್ಲ," ಎಂದಳು ಮಾಬವ್ವ.

ನಾನು ಬಾಯಿ ಬಿಡಲಿಲ್ಲ. ಮರುದಿನ ಪಾಟಿಚೀಲ ಹೆಗಲಿಗೇರಿಸಿ ಸಾಲಿಗೆ ಹೋದೆ.

ಮಾತು ಊರೆಲ್ಲ ಹಬ್ಬಿತು. ಮರುವರ್ಷ ಅಪ್ಪ ಬಿತ್ತನೆಗೆ ಬೇರೆಯವಳನ್ನು ಕರೆತಂದ. ಅವನನ್ನು ನೋಡಿ ಉಳಿದವರೂ. ಅದರಾಚೆಯ ವರ್ಷ ಟ್ರ್ಯಾಕ್ಟರ್ ಬಂತು. ಕಳೆದ ಹೆಸರನ್ನು ಗಳಿಸಿಕೊಳ್ಳಲು ಅವಳಿಗೆ ಇನ್ನೊಂದು ಹಂಗಾಮೂ ಸಿಗಲಿಲ್ಲ.

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಹಸಿದು ಓದಿದ್ದೇನೆ, ಆ ಹೆಮ್ಮೆ ನನಗಿದೆ. ಮಾಬವ್ವ ಮಣ್ಣಾದಳು, ಅಪ್ಪನೂ ಹೋದ. ಬಿತ್ತನೆಯ ಮಾತು ಬಂದಾಗ ಅವ್ವ ಈಗಲೂ ಅನ್ನುತ್ತಾಳೆ, "ಮಾಬವ್ವನಂಥಾಕಿ ಕೈಯೂ ಒಮ್ಮೆ ತಪ್ಪಿತ್ತ ನೋಡು."

ನಾನು ತಲೆ ಎತ್ತದೆ ರೊಟ್ಟಿ ಮುರಿಯುತ್ತೇನೆ.