ಲಾಲಸಾಬನಿಗೆ ಕೇಳಿಸದ ಗಿಟಾರು

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಸ್ಪೀಕರ್ ಪೆಟ್ಟಿಗೆ ಮಾಡುವ ಲಾಲಸಾಬನಿಗೆ ಒಂದು ಹೆಸರಿತ್ತು. ಸೌಂಡ್ ಸರ್ವಿಸಿನವರು ಯಾರೇ ಹೊಸ ಡಿಜೆ ಕಟ್ಟಿಸಲಿ, ಮೊದಲು ಬಂದು ನಿಲ್ಲುತ್ತಿದ್ದುದು ಅವನ ಶೆಡ್ಡಿನ ಮುಂದೆ. "ಲಾಲಣ್ಣನ ಕಿವಿ ಅಂದ್ರ ಕಿವಿ" ಎಂದು ಸಿರುಗುಪ್ಪದವರೂ ಹೇಳುತ್ತಿದ್ದರು, ಕುರುಗೋಡಿನವರೂ ಹೇಳುತ್ತಿದ್ದರು. ಆ ಕಿವಿ ಅರ್ಧ ಸತ್ತು ಎಂಟು ವರ್ಷವಾಗಿತ್ತು. ಅದು ಲಾಲಸಾಬನಿಗೆ ಗೊತ್ತಿತ್ತು, ಕಿವಿ ನೋಡಿದ ಒಬ್ಬ ಡಾಕ್ಟರಿಗೆ ಗೊತ್ತಿತ್ತು, ಇನ್ನುಳಿದಂತೆ ದೇವರಿಗೆ ಗೊತ್ತಿತ್ತು.

ರೂಪನಗುಡಿಯಿಂದ ಹದಿನಾಲ್ಕನೆಯ ವಯಸ್ಸಿಗೆ ಬಂದವನು. ಮೊದಲು ಬಾಗಿಲು, ಕಿಟಕಿ, ಕಪಾಟು. ಆಮೇಲೆ ಸ್ಪೀಕರ್ ಪೆಟ್ಟಿಗೆ. ಹಗಲೆಲ್ಲ ಪ್ಲೈವುಡ್ ಕೊಯ್ಯುವ ಮಷೀನಿನ ಪಕ್ಕ, ಸಂಜೆ ಹೊಸ ಪೆಟ್ಟಿಗೆಯ ಎದುರು ಎದೆಯೊಡ್ಡಿ ನಿಂತು ಟೆಸ್ಟಿಂಗು. ಹೀಗೆ ಇಪ್ಪತ್ತೆರಡು ವರ್ಷ. ಕಿವಿಯೂ ಮಾಂಸದ್ದೇ ತಾನೆ, ಕಬ್ಬಿಣದ್ದಲ್ಲವಲ್ಲ! ಒಂದು ಬೆಳಿಗ್ಗೆ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿಯ ಸದ್ದು ಬಂತು, ಬಳೆಯ ಸದ್ದು ಬರಲಿಲ್ಲ. ಬಳೆ ಒಡೆದವೇನೋ ಎಂದು ಒಳಗೆ ಹೋಗಿ ನೋಡಿದ. ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ಇದ್ದವು.

ದಪ್ಪ ದನಿ ಉಳಿದಿದೆ, ಸಣ್ಣ ದನಿ ಹೋಗಿದೆ, ಹೋದದ್ದು ತಿರುಗಿ ಬರುವುದಿಲ್ಲ, ಕಿವಿಗೆ ಮಷೀನು ಹಾಕಿಸಿಕೊಳ್ಳಿ ಎಂದರು ಡಾಕ್ಟರು. ಲಾಲಸಾಬ ತಲೆಯಾಡಿಸಿ ಎದ್ದು ಬಂದ. ಕಿವಿಗೆ ಮಷೀನು ಸಿಕ್ಕಿಸಿಕೊಂಡವನ ಹತ್ತಿರ ಯಾರು ತಾನೆ ಸ್ಪೀಕರ್ ಪೆಟ್ಟಿಗೆ ಮಾಡಿಸುತ್ತಾರೆ? ಹೆಂಡತಿಗೂ ಹೇಳಲಿಲ್ಲ. ಎರಡು ವರ್ಷದ ಮೇಲೆ ಅವಳು ಕಾಮಾಲೆಯಾಗಿ ತೀರಿಕೊಂಡಳು, ಹೇಳುವ ಕೆಲಸ ಅಲ್ಲಿಗೆ ತಪ್ಪಿತು.

ಉಳಿದವಳು ಮಗಳು ಖುಷ್ಬೂ. ಕಿವಿ ಕೆಟ್ಟಾಗ ಅವಳಿಗೆ ಹದಿನೈದು. ಒಂದು ದಿನ ಹೊಸ ಪೆಟ್ಟಿಗೆಗೆ ಹಾಡು ಹಚ್ಚಿ ಅವಳನ್ನು ಕರೆದು, "ಏನ್ ಕೇಳ್ತೈತಿ ಹೇಳು ನೋಡೋಣ" ಎಂದ, ಉಸ್ತಾದ ಶಿಷ್ಯನನ್ನು ಪರೀಕ್ಷೆ ಮಾಡುವವನ ಹಾಗೆ. "ಎಡಕ್ಕ ಕೆಳಗ ಏನೋ ಝುಯ್ ಅಂತೈತಿ ಅಬ್ಬಾ" ಎಂದಳು. ನೋಡಿದರೆ ಒಂದು ಸ್ಕ್ರೂ ಸಡಿಲ. "ನನಗ ಆವಾಗ್ಲೇ ಕೇಳಿಸಿತ್ತು, ನಿನಗ ಗೊತ್ತಾಕ್ಕೈತೋ ಇಲ್ಲೋ ಅಂತ ನೋಡಿದೆ" ಎಂದ ಲಾಲಸಾಬ. ಹುಡುಗಿ ಹಿಗ್ಗಿ ಹೀರೇಕಾಯಿಯಾದಳು. ಅಂದಿನಿಂದ ಯಾವ ಪೆಟ್ಟಿಗೆಯೂ ಅವಳ ಕಿವಿಗೆ ಬೀಳದೆ ಶೆಡ್ಡು ದಾಟಲಿಲ್ಲ. ಅವಳು ಕಲಿಯುತ್ತಿದ್ದೇನೆ ಅಂದುಕೊಂಡಳು. ಅವನು ಅವಳ ತುಟಿ ನೋಡಿ ಮಾತು ಹಿಡಿಯುವುದನ್ನೂ, ತಿಳಿಯದ ಕಡೆ "ಹೂಂ" ಅನ್ನುವುದನ್ನೂ ಕಲಿತ.

ಇಲ್ಲಿಯವರೆಗಿನದಕ್ಕೆ ಅವನನ್ನು ಬೈಯುವ ಹಾಗಿಲ್ಲ, ಹೊಟ್ಟೆಪಾಡು. ಮುಂದೆ ಮಾಡಿದ್ದಕ್ಕೆ ಮಾತ್ರ ಕ್ಷಮೆ ಹುಡುಕುವುದು ಕಷ್ಟ.

ಖುಷ್ಬೂಗೆ ಇಪ್ಪತ್ತೆರಡಾದಾಗ ಕುರುಗೋಡಿನ ಒಂದು ಮನೆಯಿಂದ ಸಂಬಂಧ ಬಂತು. ಒಳ್ಳೆಯ ಮನೆ. ಲಾಲಸಾಬ ಹೋಗಿ ಹುಡುಗನನ್ನು ನೋಡಿದ, ಊಟ ಮಾಡಿದ, ಒಂದು ಕುಂದೂ ಕಾಣಿಸಲಿಲ್ಲ. ಕುಂದಿಲ್ಲದ್ದೇ ಅವನಿಗೆ ಸಂಕಟವಾಯಿತು. ಮಗಳು ಹೋದರೆ ಕಿವಿ ಹೋಯಿತು, ಕಿವಿ ಹೋದರೆ ಹೆಸರು ಹೋಯಿತು, ಹೆಸರು ಹೋದರೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಮತ್ತೆ ಬಾಗಿಲು ಕಿಟಕಿ. ಬೇಡ ಎನ್ನಲು ಕಾರಣವಿಲ್ಲ, ಹೂಂ ಎನ್ನಲು ಧೈರ್ಯವಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು. ಹೊಸ್ತಿಲಾಚೆ ಚಪ್ಪಲಿ ಮೆಟ್ಟಿಕೊಳ್ಳುತ್ತ, ತಲೆ ಬಗ್ಗಿಸಿಕೊಂಡೇ, "ಒಂದು ಮಾತು ಮುಚ್ಚಿಡಬಾರದು ನೋಡ್ರಿ. ಹುಡುಗಿಗೆ ಕಿವಿ ಸ್ವಲ್ಪ ಮಂದ ಐತಿ" ಎಂದುಬಿಟ್ಟ.

ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ತನ್ನ ಕುಂದನ್ನು ತೆಗೆದು ಮಗಳ ಹಣೆಗೆ ಅಂಟಿಸಿ ಬಸ್ಸು ಹತ್ತಿದ. ಕುರುಗೋಡಿನವರು ತಿರುಗಿ ಫೋನು ಮಾಡಲಿಲ್ಲ. "ಯಾಕಂತ ಅಬ್ಬಾ?" ಎಂದು ಖುಷ್ಬೂ ಒಮ್ಮೆ ಕೇಳಿದಳು. "ನಸೀಬು" ಎಂದ. ಆ ರಾತ್ರಿ ಅವಳು ಉಣ್ಣಲಿಲ್ಲ, ಅವನು ಉಂಡ. ಮರುವರ್ಷ ಸಿರುಗುಪ್ಪದಿಂದ ಇನ್ನೊಂದು ಸಂಬಂಧ ಬಂತು. ಹುಡುಗ ಮುಸ್ತಾಕ್, ಅಕ್ಕಿ ಮಿಲ್ಲಿನಲ್ಲಿ ಫಿಟ್ಟರು. ಅವರಿಗೆ ಲಾಲಸಾಬ ಫೋನಿನಲ್ಲೇ ಅದೇ ಮಾತು ಹೇಳಿದ. ಎರಡನೆಯ ಸಲ ನಾಲಿಗೆ ತಡವರಿಸಲಿಲ್ಲ. ಅದು ಅವನಿಗೇ ಹೆದರಿಕೆ ಹುಟ್ಟಿಸಿತು. ಆ ಕಡೆಯಿಂದಲೂ ಒಂದು ತಿಂಗಳು ಸುದ್ದಿ ಬರಲಿಲ್ಲ.

ಅದೇ ತಿಂಗಳು ಸುಜಯೀಂದ್ರ ಎಂಬ ಗಿಟಾರಿನವನು ಬಂದ. ಕಚೇರಿಯಲ್ಲಿ ಗುಮಾಸ್ತ, ಭಾನುವಾರ ಮಾತ್ರ ಎಲೆಕ್ಟ್ರಿಕ್ ಗಿಟಾರು. ತಾಯಿ ವಿಜಯಾಬಾಯಿ ದೇವರ ಮನೆಯಲ್ಲಿ ಕೂತಾಗ ಇವನು ಒಂದು ತಂತಿ ಮೀಟಿದರೆ ಮನೆಯಲ್ಲಿ ಮಹಾಭಾರತ.

"ಲಾಲಣ್ಣ, ನನ್ನ ಆಂಪ್ಲಿಫೈಯರ್ ಚಲೋ ಐತಿ. ಅದರ ಸ್ಪೀಕರ್ ಪೆಟ್ಟಿಗೀನ ದರಿದ್ರ. ಹನ್ನೆರಡು ಇಂಚಿನ ಹೊಸ ಸ್ಪೀಕರ್ ತಂದೀನಿ, ಇದಕ್ಕೊಂದು ಮನಿ ಕಟ್ಟಿಕೊಡ್ರಿ."

"ಅದೇನ್ ದೊಡ್ಡ ಮಾತ್ರೀ ಆಚಾರ್ರ" ಎಂದ ಲಾಲಸಾಬ.

ಖುಷ್ಬೂ ಆಗ ರಾರಾವಿಯಲ್ಲಿದ್ದಳು, ಚಿಕ್ಕಮ್ಮನ ಬಾಣಂತನಕ್ಕೆಂದು ಹತ್ತು ದಿನ. ಲಾಲಸಾಬ ತನಗೆ ಗೊತ್ತಿದ್ದ ಹಾಗೆಯೇ ಕಟ್ಟಿದ. ದಪ್ಪ ಪ್ಲೈವುಡ್ಡು, ಸಂದುಸಂದಿಗೂ ಗೋಂದು, ಹಿಂದುಗಡೆ ಬಿಗಿ ಹಲಗೆ. ಊದಿನಕಡ್ಡಿ ಹಚ್ಚಿ ಪ್ರತಿ ಮೂಲೆಗೂ ಹಿಡಿದ. ಹೊಗೆ ಅಲುಗಲಿಲ್ಲ, ಅಂದರೆ ಗಾಳಿ ಸೋರುವುದಿಲ್ಲ. ಇನ್ನು ಒಳಗೆ ತುಂಬುವುದಕ್ಕೆ ಬಳ್ಳಾರಿಯಲ್ಲಿ ಬರವೇ? ಜೀನ್ಸ್ ಹೊಲಿಯುವ ಯೂನಿಟ್ಟುಗಳಲ್ಲಿ ಕತ್ತರಿಸಿ ಬಿಸಾಡಿದ ಚೂರು ಚೀಲಗಟ್ಟಲೆ ಸಿಗುತ್ತದೆ. ಇಲ್ಲಿಯ ಪೆಟ್ಟಿಗೆಯವರೆಲ್ಲ ಅದನ್ನೇ ತುಂಬುತ್ತಾರೆ. ಡಿಜೆಯ ಸದ್ದು ಒಳಗೆ ಗುಂಯ್ಗುಡದೆ ಗಟ್ಟಿಯಾಗಿ ಬರುತ್ತದೆ. ಲಾಲಸಾಬ ಗಿಟಾರಿನ ಪೆಟ್ಟಿಗೆಗೂ ಒಂದು ಚೀಲ ನೀಲಿ ಚೂರು ಒತ್ತಿ ಒತ್ತಿ ತುರುಕಿದ.

ಸುಜಯೀಂದ್ರ ಬಂದು ತಂತಿ ಮೀಟಿದ. ಮುಖ ಸಪ್ಪಗಾಯಿತು. ಇನ್ನೊಮ್ಮೆ ಮೀಟಿದ, ಆಂಪ್ಲಿಫೈಯರಿನ ಗುಂಡಿ ಆ ಕಡೆ ಈ ಕಡೆ ತಿರುಗಿಸಿದ.

"ಕೌದಿ ಹೊದ್ದು ಹಾಡಿದಂಗೈತಲ್ಲ ಲಾಲಣ್ಣ."

ಲಾಲಸಾಬನಿಗೆ ಎದೆಗೆ ಧಮ್ ಎಂದು ಬಡಿಯಿತು. ಅಷ್ಟೇ ಅವನಿಗೆ ಗೊತ್ತಾಗುತ್ತಿದ್ದುದು. "ಭೇಷ್ ಐತಲ್ರೀ" ಎಂದ.

"ಏನ್ ಭೇಷ್? ತಂತಿಯ ಚುರುಕೇ ಇಲ್ಲ. ನಿಮಗ ಕೇಳ್ಸಂಗಿಲ್ಲೇನು?"

ಕುಂಬಳಕಾಯಿ ಕಳ್ಳನ ಕೈ ತಾನೇ ಹೆಗಲಿಗೆ ಹೋಯಿತು. "ಯಾರಿಗೆ ಕೇಳ್ಸಂಗಿಲ್ಲ? ಮೂವತ್ತು ವರ್ಷ ಆತು ಈ ಕೆಲಸ ಮಾಡಾಕ ಹತ್ತಿ!" ಎಂದು ಲಾಲಸಾಬ ರೇಗಿದ. ಪೆಟ್ಟಿಗೆ ಇನ್ನೂ ಒಣಗಬೇಕು, ಬರುವ ಭಾನುವಾರ ಬನ್ನಿ ಎಂದು ಸಾಗಹಾಕಿ, ಲಾಲಸಾಬ ರಾರಾವಿಗೆ ಫೋನು ಮಾಡಿದ. "ಬಾಣಂತನ ಸಾಕು, ಬಾ."

ಭಾನುವಾರ ಖುಷ್ಬೂ ಶೆಡ್ಡಿನಲ್ಲಿದ್ದಳು. ಸುಜಯೀಂದ್ರನಿಗೆ ನುಡಿಸಿ ಎಂದಳು. ಮುಂದೆ ನಿಂತು ಕೇಳಿದಳು, ಬದಿಗೆ ಹೋಗಿ ಕೇಳಿದಳು, ಹಿಂದೆ ಹೋಗಿ ಕೂತು ಕೇಳಿದಳು. ಅಪ್ಪನ ಕಡೆ ನೋಡಿದಳು. ಅವನು ಎಂದಿನಂತೆ "ನೀನ ಹೇಳು" ಎಂಬ ಮುಖ ಮಾಡಿದ.

"ಅದಕ್ಕ ಉಸುರಾಡಾಕ ಜಾಗಾನ ಬಿಟ್ಟಿಲ್ಲಲ್ಲ ಅಬ್ಬಾ" ಎಂದಳು. ಹಿಂದಿನ ಹಲಗೆಯ ಸ್ಕ್ರೂ ಬಿಚ್ಚಿ ಜೀನ್ಸ್ ಚೂರನ್ನೆಲ್ಲ ಹೊರಗೆ ಎಳೆದಳು. ನೆಲದ ಮೇಲೆ ನೀಲಿ ಗುಡ್ಡೆ ಬಿತ್ತು. ಹಲಗೆಯಿಲ್ಲದೆ ನುಡಿಸಿ ನೋಡಿದರು. "ಈಗ ಚುರುಕು ಬಂತು, ಹೊಟ್ಟಿಯ ದಪ್ಪ ದನಿ ಹೋತು" ಎಂದಳು. ಹಲಗೆಯನ್ನು ಮೂರು ಭಾಗ ಮಾಡಿ, ಮೇಲೊಂದು ಕೆಳಗೊಂದು ಕೂರಿಸಿ, ನಡುವಿನದನ್ನು ಬಿಟ್ಟಳು. ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಮೊಳ ಮುಂದಕ್ಕೆ ಎಳೆದಳು.

ಸುಜಯೀಂದ್ರ ಮೀಟಿದ. ಮೀಟಿ ನಕ್ಕ. ಆಮೇಲೆ ನಿಲ್ಲಿಸಲೇ ಇಲ್ಲ.

"ಡಿಜೆ ಪೆಟ್ಟಿಗಿ ಹೇಳಿದ್ದಷ್ಟ ಹೇಳಿ ಸುಮ್ನಿರಬೇಕ್ರಿ" ಎಂದು ಖುಷ್ಬೂ ಅವನಿಗೆ ತಿಳಿಸಿ ಹೇಳುತ್ತಿದ್ದಳು. "ಗಿಟಾರಿಂದು ಹಂಗಲ್ಲ, ಪೆಟ್ಟಿಗೀನೂ ಕೂಡ ಹಾಡಬೇಕು. ಪ್ಲೈವುಡ್ಡು, ಒಳಗಿನ ಗಾಳಿ, ಹಿಂದಿನ ಹಲಗಿ, ಎಲ್ಲಾ ಸೇರಿ ಅದರ ದನಿ. ನೆಟ್ಟಗ ಸ್ಪೀಕರ್ ಮುಂದ ನಿಂತ್ರ ಚುಚ್ಚತೈತಿ, ಒಂಚೂರು ಓರೆಗೆ ನಿಂದರ್ರಿ."

ಲಾಲಸಾಬ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಇಬ್ಬರ ಮುಖ ನೋಡುತ್ತಿದ್ದ. ಅವನ ಪಾಲಿಗೆ ಹೋದ ವಾರದ ಧಮ್ ಇಂದಿಗೂ ಧಮ್. ಪೆಟ್ಟಿಗೆ ಚೆನ್ನಾಗಿದೆ ಎಂದು ಅವನಿಗೆ ತಿಳಿದದ್ದು ಸುಜಯೀಂದ್ರನ ನಗುವಿನಿಂದ. ತನ್ನ ಕೈಯಿಂದಲೇ ಕಟ್ಟಿದ್ದು, ತನಗೇ ಒಳಗೆ ಪ್ರವೇಶವಿಲ್ಲ. ಮಗಳ ಮೇಲೆ ಹೊಟ್ಟೆಕಿಚ್ಚಾಯಿತು, ಹೊಟ್ಟೆಕಿಚ್ಚು ಪಟ್ಟೆನಲ್ಲ ಎಂದು ನಾಚಿಕೆಯಾಯಿತು. ಇವಳನ್ನು ಕಳಿಸಿದರೆ ನಾನು ಸತ್ತೆ, ಇಟ್ಟುಕೊಂಡರೆ ಅವಳು ಸತ್ತಳು ಎಂದು ಅವನಿಗೆ ಆ ಮಧ್ಯಾಹ್ನ ಸ್ಪಷ್ಟವಾಗಿ ಅನ್ನಿಸಿತು. ಅನ್ನಿಸಿಯೂ ಅವನು ಸ್ಟೂಲಿನಿಂದ ಏಳಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಇಬ್ಬರು ಬಂದು ನಿಂತರು. ಬುರ್ಖಾ ತೊಟ್ಟ, ದಪ್ಪಗಿನ ಒಬ್ಬ ಹೆಂಗಸು. ಅವಳ ಹಿಂದೆ, ಹಣ್ಣಿನ ಚೀಲ ಹಿಡಿದ ಎತ್ತರದ ಹುಡುಗ. ಸುಜಯೀಂದ್ರ ನುಡಿಸುವುದನ್ನು ನಿಲ್ಲಿಸಿದ.

"ನಾನ್ರೀ, ಸಿರುಗುಪ್ಪದ ಮದಾರಬೀ. ಇವ ನನ್ನ ಮಗ ಮುಸ್ತಾಕ್" ಎಂದಳು ಹೆಂಗಸು. "ಮಿಲ್ಲಿನಾಗ ಸೀಜನ್ನು ಇತ್ತು, ಬರಾಕ ತಡ ಆತು."

ಲಾಲಸಾಬ ಎದ್ದು ನಿಂತ. ಮದಾರಬೀ ಅವನನ್ನು ದಾಟಿ ಸೀದಾ ಖುಷ್ಬೂ ಹತ್ತಿರ ಹೋದಳು. ಅವಳ ಎರಡೂ ಕೈ ಹಿಡಿದುಕೊಂಡು, ಕಿವಿಯ ಹತ್ತಿರ ಬಾಯಿ ತಂದು, ಅಗಲವಾಗಿ ಬಾಯಿ ತೆರೆದು ಕೂಗಿದಳು. "ಹೆಸರೇನವ್ವಾ! ನಿನ್ನ! ಹೆಸರು!"

ಖುಷ್ಬೂ ಬೆಚ್ಚಿ ಹಿಂದೆ ಸರಿದಳು. "ಖುಷ್ಬೂ ಅಂತ. ಯಾಕಮ್ಮಾ ಹಂಗ ಒದರ್ತೀರಿ?"

"ಹೆದರಬ್ಯಾಡ ಬೇಟಾ!" ಮದಾರಬೀ ಕೈಸನ್ನೆಯನ್ನೂ ಸೇರಿಸಿಕೊಂಡಳು. "ನಮ್ಮನ್ಯಾಗ ಎಲ್ಲಾರೂ ಹಿಂಗ ಮಾತಾಡೋದು! ನನ್ನ ಗಂಡಗ ಮಿಲ್ಲಿನಾಗ ದುಡದು ದುಡದು ಕಿವಿ ಕೇಳಂಗಿಲ್ಲ! ನಿನಗೂ ಮಂದ ಅಂದ್ರ ಏನಾತು! ನಾವು ಒದರತೀವಿ, ನೀನೂ ಒದರು!"

"ನನಗೇನೂ ಮಂದ ಇಲ್ಲಲ್ಲ" ಎಂದಳು ಖುಷ್ಬೂ.

ಮದಾರಬೀ ಅವಳನ್ನೊಮ್ಮೆ, ಲಾಲಸಾಬನನ್ನೊಮ್ಮೆ ನೋಡಿದಳು. ದನಿ ತಾನಾಗಿ ಇಳಿಯಿತು. "ನಿಮ್ಮ ಅಬ್ಬಾನೇ ಫೋನಿನಾಗ ಹೇಳಿದ್ರಲ್ಲವ್ವ. ಹುಡುಗಿಗೆ ಕಿವಿ ಕೇಳಂಗಿಲ್ಲ ಅಂತ."

"ಅಮ್ಮಾ, ಸುಮ್ನಿರು" ಎಂದ ಮುಸ್ತಾಕ್. ಅವನು ನೆಲ ನೋಡುತ್ತಿದ್ದ.

ಆಂಪ್ಲಿಫೈಯರು ಸಣ್ಣಗೆ ಗುಂಯ್ ಎನ್ನುತ್ತಿತ್ತು; ಸುಜಯೀಂದ್ರ ಬಗ್ಗಿ ಅದನ್ನು ಆರಿಸಿದ. ಖುಷ್ಬೂ ಅಪ್ಪನನ್ನೇ ನೋಡುತ್ತಿದ್ದಳು. ಕುರುಗೋಡಿನವರು ಯಾಕೆ ಫೋನು ಮಾಡಲಿಲ್ಲ ಎಂಬುದು ಅವಳ ಮುಖದಲ್ಲಿ ಮೆಲ್ಲಗೆ ಲೆಕ್ಕವಾಗುವುದನ್ನು ಲಾಲಸಾಬ ಕಣ್ಣಾರೆ ಕಂಡ.

"ಅಬ್ಬಾ, ಹಂಗ ಹೇಳಿದ್ರಾ?"

ಅವನು ಬಾಯಿ ತೆರೆದ. ಬೇರೆ ಯಾವುದೋ ಹುಡುಗಿಯ ಮಾತು, ಇವರು ತಪ್ಪು ತಿಳಿದಿದ್ದಾರೆ ಎಂದು ಹೇಳಲು ಮಾತು ಸಿದ್ಧವಾಗಿಯೇ ಇತ್ತು. ಎಂಟು ವರ್ಷ ಸುಳ್ಳು ಹೇಳಿದವನಿಗೆ ಇನ್ನೊಂದು ಏನು ಭಾರ? ಆದರೆ ಮುಸ್ತಾಕ್ ಎಂಬ ಆ ಹುಡುಗ ಕಿವುಡಿ ಎಂದು ತಿಳಿದೇ ಹಣ್ಣಿನ ಚೀಲ ಹಿಡಿದು ಬಸ್ಸು ಹತ್ತಿ ಬಂದಿದ್ದ. ಅದರ ಮುಂದೆ ಲಾಲಸಾಬನ ಬಾಯಿಂದ ಆ ಸುಳ್ಳು ಹೊರಡಲಿಲ್ಲ.

"ಹೇಳಿದೆ" ಎಂದ. "ಕುರುಗೋಡಿನವರಿಗೂ ಹೇಳಿದೆ. ಮಂದ ಇರೋದು ನನ್ನ ಕಿವಿ. ಎಂಟು ವರ್ಷ ಆತು. ಆಚಾರ್ರ, ನಿಮ್ಮ ಗಿಟಾರು ಹೋದ ವಾರನೂ ನನಗ ಕೇಳ್ಸಲಿಲ್ಲ, ಇವತ್ತೂ ಕೇಳ್ಸಲಿಲ್ಲ. ಇಕಿ ಹೋದ್ರ ನಾನು ಕೆಲಸಕ್ಕ ಬಾರದವ ಅಂತ ಹಂಗ ಮಾಡಿದೆ."

ಯಾರಾದರೂ ಮಾತಾಡಿದರೋ ಏನೋ, ಅವನು ತಲೆಯೆತ್ತಿ ಯಾರ ತುಟಿಯನ್ನೂ ನೋಡಲಿಲ್ಲ. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡರೆ ಇನ್ನೂ ನಾಚಿಕೆ ಎಂದು ಹಾಗೆಯೇ ಬಿಟ್ಟ.

ಖುಷ್ಬೂ ಅವನಿಗೆ ಬೆನ್ನು ಹಾಕಿ ಕೂತು, ನೆಲದ ಮೇಲಿದ್ದ ಜೀನ್ಸ್ ಚೂರನ್ನು ಎರಡೂ ಕೈಯಿಂದ ಬಾಚಿ ಚೀಲಕ್ಕೆ ತುಂಬತೊಡಗಿದಳು. ಅರ್ಧ ತುಂಬಿ ನಿಲ್ಲಿಸಿದಳು. ಅವಳ ತಲೆಯ ಮೇಲಿನ ದುಪಟ್ಟಾ ಅಲುಗಿತು. ಏನೋ ಹೇಳಿದಳು. ಮದಾರಬೀ ಥಟ್ಟನೆ ಕಣ್ಣಿಗೆ ಬುರ್ಖಾದ ಅಂಚು ಹಚ್ಚಿದಳು, ಮುಸ್ತಾಕ್ ತಲೆಯೆತ್ತಿದ. ಲಾಲಸಾಬನ ಗಂಟಲಿಗೆ ಹಳೆಯ "ಹೂಂ" ಬಂದು ಕೂತಿತು. ಅದನ್ನು ಅವನು ನುಂಗಿದ.

"ಕೇಳ್ಸಲಿಲ್ಲ ಬೇಟಾ" ಎಂದ. "ಇನ್ನೊಮ್ಮಿ ಹೇಳು."

ಖುಷ್ಬೂ ಎದ್ದು ಬಂದು ಅವನ ಎದುರು ನಿಂತಳು. ಕಿವುಡರಿಗೆ ಹೇಳುವ ಹಾಗೆ ಬಾಯಿ ಅಗಲವಾಗಿ ತೆರೆದು, ಕೌಲ್ ಬಜಾರಿನ ರಸ್ತೆಗೆಲ್ಲ ಕೇಳಿಸುವಂತೆ ಕೂಗಿದಳು.

"ನಾನು! ಸಿರುಗುಪ್ಪಕ್ಕ! ಹೋಗ್ತೀನಿ! ಅಂದೆ!"

ಮಗಳು ಯಾವತ್ತೂ ಅವನ ಜೊತೆ ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ. ಲಾಲಸಾಬನಿಗೆ ಒಂದೊಂದು ಅಕ್ಷರವೂ ಕೇಳಿಸಿತು.