ಅಮ್ಮನ ಮುಖದ ಚಿಕ್ಕಮ್ಮ

ನನ್ನ ಅಮ್ಮ, ಚಿಕ್ಕಮ್ಮ ಅವಳಿಗಳು. ಸಣ್ಣವಳಿದ್ದಾಗ ನಾನು ಎಷ್ಟೋ ಸಲ ಬಿದ್ದು ಅಳುತ್ತ ಓಡಿಹೋಗಿ ತಪ್ಪು ಮಡಿಲು ಹತ್ತಿದ್ದೇನೆ. ಚಿಕ್ಕಮ್ಮ ನನ್ನ ಮೂಗು ಒರೆಸಿ, "ಅಂಗಡಿ ತಪ್ಪಿತು ಮರಿ, ಪಕ್ಕದ್ದಕ್ಕೆ ಹೋಗು" ಎಂದು ಅಮ್ಮನ ಕಡೆ ದಾಟಿಸುತ್ತಿದ್ದಳು. ಅಮ್ಮ ಹುಟ್ಟಿದ್ದು ಅವಳಿಗಿಂತ ಸ್ವಲ್ಪ ಮುಂಚೆ, ಒಂದು ಲೋಟ ಹಾಲು ಆರುವಷ್ಟು ಹೊತ್ತು ಎಂದು ಅಜ್ಜಿ ಹೇಳುತ್ತಿದ್ದರು. ಅಷ್ಟಕ್ಕೇ ಚಿಕ್ಕಮ್ಮ ಜೀವಮಾನವಿಡೀ ಅವಳನ್ನು ಅಕ್ಕ ಎಂದು ಕರೆಯಬೇಕಾಯಿತು.

ಅಜ್ಜಿ ಒಂದೇ ಥಾನಿನ ಬಟ್ಟೆಯಲ್ಲಿ ಇಬ್ಬರಿಗೂ ಫ್ರಾಕು ಹೊಲಿಯುತ್ತಿದ್ದರು. ಅದರಿಂದ ಚಿಕ್ಕಮ್ಮನಿಗೇನೂ ಬೇಸರವಿರಲಿಲ್ಲ. ಬೇಸರ ತಂದದ್ದು ಶಾಲೆಯಲ್ಲಿ ಬರೆದ ಒಂದು ಕಥೆ. ದೂರ ದೂರದ ಬೆಂಚುಗಳಲ್ಲಿ ಕೂತು ಬರೆದರೂ ಇಬ್ಬರೂ ಕೊನೆಯಲ್ಲಿ ಕಳೆದುಹೋದ ನಾಯಿಯನ್ನು ಮನೆಗೆ ತಂದಿದ್ದರು, ಅದೂ ಕುಂಟುವ ನಾಯಿ. ಯಾರು ಯಾರದನ್ನು ನೋಡಿ ಬರೆದಿರಿ ಎಂದು ಮೇಷ್ಟರು ಗದರಿಸಿ, ಉತ್ತರ ಸಿಗದೆ, ಅಂಕವನ್ನು ಇಬ್ಬರಿಗೂ ಅರ್ಧರ್ಧ ಹಂಚಿಬಿಟ್ಟರು. ಅಮ್ಮ ನಕ್ಕು ಸುಮ್ಮನಾದಳು. ಚಿಕ್ಕಮ್ಮ ಮನೆಗೆ ಬರುವ ದಾರಿಯುದ್ದಕ್ಕೂ ಅತ್ತಳು.

ಅಂದಿನಿಂದ ಅವಳಿಗೆ ಒಂದೇ ಹಟ. ತನ್ನದು ಅಂತ ಒಂದಾದರೂ ಇರಬೇಕು. ಅಮ್ಮ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಾಗ ಚಿಕ್ಕಮ್ಮ ನಮ್ಮ ಮನೆತನದಲ್ಲಿ ಯಾರೂ ಮುಟ್ಟದ ಸ್ಟೀರಿಂಗ್ ಹಿಡಿದಳು. ಕಾರು ಓಡಿಸಲು ಕಲಿತಳು, ಆಮೇಲೆ ಕಲಿಸುವುದನ್ನು ಕಲಿತಳು, ಬೆಳಿಗ್ಗೆ ರೈಲು ಹತ್ತಿದರೆ ಊಟದ ಹೊತ್ತಿಗೆ ಮುಟ್ಟುವ ಇನ್ನೊಂದು ಊರಿನ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಆ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕು ಇರುತ್ತದೆ. "ಹೆದರೋ ಕೆಲಸ ನಂದು, ನೀವು ರಸ್ತೆ ನೋಡಿ" ಎನ್ನುವುದು ಅವಳ ಮೊದಲ ಪಾಠ. ಊರಿನ ಅರ್ಧ ಜನ ಅವಳ ಪಕ್ಕದಲ್ಲಿ ಕೂತು ಬೆವರಿದವರೇ.

ಹಟವೇನೋ ನಡೆಯಿತು, ಆದರೆ ಹೋಲಿಕೆ ಬಿಡಲಿಲ್ಲ. ಚಿಕ್ಕಮ್ಮ ಸಾಸಿವೆ ಬಣ್ಣದ ಪರದೆ ಹಾಕಿಸಿದ ತಿಂಗಳೇ ನಮ್ಮ ಮನೆಯ ಕಿಟಕಿಗಳಿಗೂ ಸಾಸಿವೆ ಬಣ್ಣ ಬಂತು. ಅವಳು ಚಹಾಕ್ಕೆ ಸಕ್ಕರೆ ಬಿಟ್ಟಳು, ಅಮ್ಮನೂ ಬಿಟ್ಟಿದ್ದಳು. ಒಮ್ಮೆ ಹೊಸ ಕನ್ನಡಕ ಹಾಕಿಕೊಂಡು ನಮ್ಮ ಮನೆಗೆ ಬಂದವಳು ಬಾಗಿಲಲ್ಲಿ ಅಮ್ಮನನ್ನು ನೋಡಿ, ಕನ್ನಡಕ ತೆಗೆದು ಚೀಲಕ್ಕೆ ಹಾಕಿ, ಎರಡು ದಿನ ಗೋಡೆ ತಡವಿಕೊಂಡು ಓಡಾಡಿದಳು.

ಚಿಕ್ಕಪ್ಪ ಕಾಲೇಜಿನಲ್ಲಿ ತತ್ವಶಾಸ್ತ್ರದ ಪಾಠ ಮಾಡುವವರು. ಅವರಿಗೆ ಇದೆಲ್ಲ ಮೃಷ್ಟಾನ್ನ.

"ನೋಡು, ನಾವು ಆರಿಸ್ತೀವಿ ಅಂತ ಅಂದ್ಕೋತೀವಿ ಅಷ್ಟೇ. ಪ್ರತಿಯೊಂದಕ್ಕೂ ಹಿಂದೆ ಒಂದು ಕಾರಣ ಇರುತ್ತೆ, ಆ ಕಾರಣಕ್ಕೆ ಇನ್ನೊಂದು. ನಿಮ್ಮಿಬ್ಬರ ಪರದೆ ಬಣ್ಣ ನೀವು ಹುಟ್ಟೋಕೆ ಮುಂಚೇನೇ ಗೊತ್ತಾಗಿತ್ತು."

"ಹಾಗಾದ್ರೆ ನಿಮ್ಮನ್ನ ಒಪ್ಪಿಕೊಂಡಿದ್ದೂ ನಾನಲ್ಲ?"

"ಒಂದು ಲೆಕ್ಕದಲ್ಲಿ, ಅಲ್ಲ."

"ನಮ್ಮಕ್ಕ ಕೊಳಾಯಿ ರಿಪೇರಿ ಮಾಡೋರನ್ನ ಒಪ್ಪಿದಳಲ್ಲ. ಅವರು ಮಾತೇ ಆಡಲ್ಲ. ಆ ಕಾರಣ ನನ್ನ ಕಡೆಗೂ ಯಾಕೆ ಬರಲಿಲ್ಲ?"

ಚಿಕ್ಕಪ್ಪ ಬಹಳ ಹೊತ್ತು ಯೋಚಿಸಿ, "ನಿಮ್ಮಕ್ಕ ಪುಣ್ಯವಂತೆ" ಎಂದರಂತೆ.

ನಗುವಿನ ಅಡಿಯಲ್ಲಿ ಚಿಕ್ಕಮ್ಮನಿಗೆ ಇದು ಚುಚ್ಚುತ್ತಿತ್ತು. ಅಕ್ಕತಂಗಿಯರಿಗೆ ಐವತ್ತು ತುಂಬುವ ವರ್ಷ ಅಜ್ಜಿ ತಮ್ಮ ಮನೆಯಲ್ಲಿ ಹುಟ್ಟುಹಬ್ಬ ಇಟ್ಟುಕೊಂಡರು. ಇಬ್ಬರಿಗೂ ಸೊಂಟ ಮುಟ್ಟುವ ಜಡೆ. ಕತ್ತರಿ ತಾಗಿಸಿದರೆ ಅಜ್ಜಿ ವಾರಗಟ್ಟಲೆ ಮುಖ ಊದಿಸುವರು ಎಂದು ಇಬ್ಬರಿಗೂ ಗೊತ್ತು. ಅಕ್ಕ ಪ್ರಾಣ ಹೋದರೂ ಮಾಡದ ಕೆಲಸ ಇದೊಂದೇ ಎಂದು ಲೆಕ್ಕ ಹಾಕಿ, ಚಿಕ್ಕಮ್ಮ ಬೆಳಿಗ್ಗೆ ಪಾರ್ಲರಿಗೆ ಹೋಗಿ ಜಡೆಯನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡು, ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೇ ಚಿಕ್ಕಪ್ಪನನ್ನು ಕೂರಿಸಿಕೊಂಡು ಹೊರಟಳು.

ಬಾಗಿಲು ತೆರೆದವಳು ಅಮ್ಮ. ಅವಳ ಜಡೆ ಹಿಂದಿನ ಸಂಜೆಯೇ ಹೋಗಿತ್ತು. ಅದೂ ಕಿವಿಯ ಮಟ್ಟಕ್ಕೆ.

ಅಜ್ಜಿ ಒಳಗಿನಿಂದ ಬಂದು ಒಬ್ಬಳನ್ನು ನೋಡಿದರು, ಇನ್ನೊಬ್ಬಳನ್ನು ನೋಡಿದರು, ಕುರ್ಚಿ ಎಳೆದುಕೊಂಡು ಕೂತರು. ಚಿಕ್ಕಪ್ಪನ ಮುಖದಲ್ಲಿ ನಗು ಏಳುತ್ತಿತ್ತು. ಅದನ್ನು ಕಂಡ ಚಿಕ್ಕಮ್ಮ ತಿರುಗಿ ಹೋಗಿ ಕಾರಿನಲ್ಲಿ ಕೂತುಬಿಟ್ಟಳು. ಅಮ್ಮ ಅವಳ ಹಿಂದೆ ಹೋಗಿ ಪಕ್ಕದ ಸೀಟಿನಲ್ಲಿ ಕೂತಳು. ಆಗ ಕಾಲೇಜಿನಲ್ಲಿ ಓದುತ್ತಿದ್ದ ನಾನು ಇಬ್ಬರೂ ಜಗಳವಾಡಿಯಾರು ಎಂದು ಹೆದರಿ ಹಿಂದಿನ ಸೀಟು ಹತ್ತಿದೆ.

"ನೀನ್ಯಾಕೆ ಕತ್ತರಿಸಿದೆ?" ಚಿಕ್ಕಮ್ಮ ಮುಂದಿನ ಗಾಜನ್ನೇ ನೋಡುತ್ತ ಕೇಳಿದಳು.

"ಸೆಕೆ ಕಣೇ. ಇಡೀ ದಿನ ಕೌಂಟರ್ ಹಿಂದೆ ನಿಂತಿರ್ತೀನಿ, ಕತ್ತೆಲ್ಲ ಬೆವರು. ಅಮ್ಮನಿಗೆ ಹೆದರಿ ವರ್ಷಗಟ್ಟಲೆ ಮುಂದೂಡಿದೆ. ಐವತ್ತಾಯ್ತಲ್ಲ, ಇನ್ನೇನು ಹೊಡೀತಾರಾ ಅಂತ. ನೀನು?"

"ನೀನು ಮಾಡಲ್ಲ ಅಂತ."

ಅಮ್ಮ ತನ್ನ ಮೋಟು ಕೂದಲ ಮೇಲೆ ಕೈಯಾಡಿಸಿದಳು. "ನಾನೆಲ್ಲಿ ನಿಂತಿದೀನಿ ಅಂತ ನೋಡಿ ನೋಡಿ ಆ ಕಡೆಗೆ ಬೆನ್ನು ಹಾಕಿ ನಡೀತೀಯ. ಅದು ನನ್ನ ಹಿಂದೆ ಬಂದ ಹಾಗೇ ಆಯ್ತಲ್ಲ. ಅದಿರಲಿ, ನಿನಗೆ ಇಷ್ಟ ಆಯ್ತಾ ಇಲ್ವಾ?"

ಚಿಕ್ಕಮ್ಮ ಕನ್ನಡಿ ತಿರುಗಿಸಿಕೊಂಡು ತಲೆ ಅತ್ತಿತ್ತ ಆಡಿಸಿದಳು. "ತುಂಬಾ ಇಷ್ಟ ಆಯ್ತು. ಅದೇ ಸಂಕಟ."

"ಇಷ್ಟಪಡೋಕೆ ನನ್ನ ಅಪ್ಪಣೆ ಬೇಕಾ?"

ಇಬ್ಬರಿಗೂ ಒಟ್ಟಿಗೇ ನಗು ಬಂತು. ನಕ್ಕು ಮುಗಿದ ಮೇಲೆ ಅಮ್ಮ ಡ್ಯಾಶ್‌ಬೋರ್ಡಿನ ಮೇಲೆ ಬೆರಳಾಡಿಸುತ್ತ, "ನನಗೂ ಇದನ್ನ ಓಡಿಸೋಕೆ ಕಲಿಸ್ತೀಯಾ?" ಎಂದಳು.

"ನಿನಗೆ ಯಾವಾಗಿಂದ ಈ ಆಸೆ?"

"ನಿನಗೆ ಯಾವಾಗಿಂದಲೋ ಆವಾಗಿಂದ. ನೀನು ಕಲಿಯೋಕೆ ಸೇರಿದ ವಾರ ನಾನೂ ಡ್ರೈವಿಂಗ್ ಸ್ಕೂಲಿನ ಬಾಗಿಲವರೆಗೆ ಹೋಗಿದ್ದೆ. ನಿನ್ನ ಹತ್ರ ಅಂತ ಇರೋದು ಇದೊಂದೇ, ಇದಕ್ಕೂ ನಾನು ಪಾಲಿಗೆ ಬಂದ್ರೆ ಹೇಗೆ ಅಂತ ವಾಪಸು ಬಂದೆ."

ಚಿಕ್ಕಮ್ಮ ಅಕ್ಕನ ಕಡೆ ತಿರುಗಿದಳು. ಇಷ್ಟು ವರ್ಷ ಇಬ್ಬರ ನಡುವೆ ಇದ್ದ ಒಂದೇ ಒಂದು ವ್ಯತ್ಯಾಸ ಹುಟ್ಟಿನಿಂದ ಬಂದದ್ದಲ್ಲ, ತನ್ನ ಹಟದಿಂದಲೂ ಅಲ್ಲ. ಅಕ್ಕ ಆಸೆಯಿದ್ದೂ ಬೇಡವೆಂದು ಬಿಟ್ಟುಕೊಟ್ಟದ್ದು. ಚಿಕ್ಕಮ್ಮ ಕಾರಿನಿಂದ ಇಳಿದು, ಸುತ್ತಿ ಬಂದು, ಅಮ್ಮನ ಕಡೆಯ ಬಾಗಿಲು ತೆರೆದಳು.

"ಸ್ಟೀರಿಂಗ್ ಕಡೆ ಸರ್ಕೋ."

ಅಂದು ಮಧ್ಯಾಹ್ನ ಅಜ್ಜಿಯ ಮನೆ ಹತ್ತಿರದ ಶಾಲೆಯ ಬಯಲಿನಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನನಗೆ ನಗು ತಡೆಯಲಾಗುವುದಿಲ್ಲ. ಅಮ್ಮ ಕ್ಲಚ್ ಬಿಟ್ಟಾಗಲೆಲ್ಲ ಕಾರು ಬಿಕ್ಕಳಿಸಿ ನಿಲ್ಲುತ್ತಿತ್ತು. ಎಡಕ್ಕೆ ಎಂದರೆ ವೈಪರ್ ಆಡುತ್ತಿತ್ತು. ಕೊನೆಗೆ ನೇರ ಹೋಗುತ್ತಿದ್ದೇನೆ ಎಂದುಕೊಂಡು ಗೋಲ್ ಕಂಬದ ಕಡೆಗೆ ಸಾಗಿದಾಗ ಚಿಕ್ಕಮ್ಮ ತನ್ನ ಬ್ರೇಕು ಒತ್ತಿ, ತಲೆ ಹಿಂದಕ್ಕೆ ಒರಗಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಕ್ಕಾ, ಇಷ್ಟು ಕೆಟ್ಟ ಶಿಷ್ಯೆ ನನಗೆ ಇದುವರೆಗೆ ಸಿಕ್ಕಿಲ್ಲ ಕಣೇ. ನನಗಂತೂ ಮೊದಲನೇ ದಿನವೇ ಬಂದುಬಿಟ್ಟಿತ್ತು."

"ಖುಷಿ ಪಡು, ಖುಷಿ ಪಡು" ಎಂದಳು ಅಮ್ಮ, ಮತ್ತೆ ಕೀಲಿ ತಿರುಗಿಸುತ್ತ.

ನನ್ನಿಂದ ಎಲ್ಲ ಕೇಳಿ ತಿಳಿದು ಬಯಲಿನ ಅಂಚಿನಲ್ಲಿ ನಿಂತಿದ್ದ ಚಿಕ್ಕಪ್ಪ, ಅಮ್ಮ ಬಿಟ್ಟುಕೊಟ್ಟದ್ದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ ಎಂದು ಅಜ್ಜಿಗೆ ವಿವರಿಸುತ್ತಿದ್ದರು. "ಇರಲಿ ಬಿಡಪ್ಪ. ಕಾರಣ ಇದ್ರೇನು, ಬಿಟ್ಟುಕೊಟ್ಟವಳು ನನ್ನ ಮಗಳು ತಾನೆ" ಎಂದು ಅಜ್ಜಿ ಅವರ ಬಾಯಿಗೆ ಒಂದು ತುಂಡು ಕೇಕು ಇಟ್ಟರು.

ಅಮ್ಮ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದಳು. ಮುಂದಿನ ವರ್ಷ ಒಂದು ಭಾನುವಾರ ಒಬ್ಬಳೇ ಕಾರು ಓಡಿಸಿಕೊಂಡು ಚಿಕ್ಕಮ್ಮನ ಊರಿಗೆ ಹೋದಳು. ರಜೆಯೆಂದು ಮೊದಲೇ ಅಲ್ಲಿಗೆ ಹೋಗಿದ್ದ ನಾನು ಚಿಕ್ಕಮ್ಮನ ಜೊತೆ ಗೇಟಿನಲ್ಲಿ ಕಾಯುತ್ತಿದ್ದೆ. ಊಟದ ಹೊತ್ತು ಮೀರಿತು, ಅಮ್ಮನ ಸುಳಿವಿಲ್ಲ. ಚಿಕ್ಕಮ್ಮ ಉಗುರು ಕಚ್ಚತೊಡಗಿದಾಗ ಗೋಡೆಗೆ ಒಂದಿಷ್ಟೂ ತಾಗದಂತೆ ತಿರುವಿನಲ್ಲಿ ಕಾರು ಬಂತು.

"ಎಲ್ಲಿ ಹೋಗಿದ್ದೆ? ಊಟ ತಣ್ಣಗಾಯ್ತು" ಎಂದಳು ಚಿಕ್ಕಮ್ಮ.

"ಹೊಳೆ ಪಕ್ಕ ಒಂದು ಸಣ್ಣ ರಸ್ತೆ ಕಾಣಿಸ್ತು. ಚೆನ್ನಾಗಿತ್ತು, ಆ ಕಡೆ ತಿರುಗಿಸಿದೆ. ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿರಲಿಲ್ಲ."

ತನ್ನ ಊರಿನ ಎಲ್ಲ ರಸ್ತೆಗಳಲ್ಲೂ ಶಿಷ್ಯರನ್ನು ಸುತ್ತಿಸಿದ್ದ ಚಿಕ್ಕಮ್ಮನಿಗೆ ಆ ರಸ್ತೆಯ ಸುದ್ದಿಯೇ ಇರಲಿಲ್ಲ. ಊಟವನ್ನು ಡಬ್ಬಿಗೆ ತುಂಬಿಕೊಂಡು, ಚಿಕ್ಕಪ್ಪನನ್ನು ಪುಸ್ತಕದಿಂದ ಎಬ್ಬಿಸಿ, ಅವಳು ಅಕ್ಕನ ಪಕ್ಕದ ಸೀಟಿನಲ್ಲಿ ಕೂತಳು. ನಾವು ಸಂಜೆಯವರೆಗೆ ಹೊಳೆಯ ದಂಡೆಯಲ್ಲಿ ಕೂತಿದ್ದೆವು.