ಅರಳಿಯ ಬಾಣಂತನ

ನಮ್ಮ ಕಡೆ ಫೋನಿನಲ್ಲಿ ‘ಹಲೋ’ ಎಂದ ಮೇಲೆ ಬರುವ ಎರಡನೆಯ ಮಾತು ‘ಊಟ ಆತೇನ್ರಿ?’ ಎಂಬುದೇ. ನೀವು ಹಾವೇರಿಯವರಾದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಾದರೆ ಸ್ನೇಹದಿಂದ ಒಂದು ಎಚ್ಚರಿಕೆ ಕೊಡುತ್ತೇನೆ: ಆ ಪ್ರಶ್ನೆಗೆ ಸತ್ಯವಾದ ಉತ್ತರ ಕೊಡಲು ಹೋಗಬೇಡಿ. ಮುಂಜಾನೆ ಕೇಳಿದರೂ, ಇಳಿಹೊತ್ತಿನಲ್ಲಿ ಕೇಳಿದರೂ ‘ಆತ್ರಿ, ನಿಮ್ದು?’ ಎಂದುಬಿಟ್ಟರೆ ಪ್ರಶ್ನೋತ್ತರಗಳೆರಡೂ ಮರ್ಯಾದೆಯಿಂದ ಬದಿಗೆ ಸರಿದು ಅಸಲು ಮಾತಿಗೆ ದಾರಿ ಬಿಡುತ್ತವೆ. ಒಮ್ಮೆ ಯಾರೋ ಗೃಹಸ್ಥರು ತಪ್ಪಿ ನಮ್ಮ ನಂಬರಿಗೆ ಫೋನು ಮಾಡಿ, ತಪ್ಪು ಗೊತ್ತಾದ ಮೇಲೂ ನನ್ನ ಊಟದ ವಿಚಾರ ಮುಗಿಸಿಯೇ ಫೋನಿಟ್ಟರು. ನಾನೂ ಆಯುಷ್ಯವಿಡೀ ಹೀಗೆಯೇ ಕೇಳಿದವಳು, ಕೇಳಿದವರಿಗೆ ಹೀಗೆಯೇ ಹೇಳಿದವಳು. ಈ ಪ್ರಶ್ನೆಗೆ ನಿಜವಾದ ಉತ್ತರಕ್ಕಾಗಿ ಪರದಾಡುವುದೆಂದರೆ ಏನೆಂಬುದನ್ನು ನನಗೆ ಕಲಿಸಿದ್ದು ಒಂದು ಮೊಲ.

ಮೊಲದ ಹೆಸರು ಅರಳಿ. ರಾಣೆಬೆನ್ನೂರಿನ ಹತ್ತಿ ಬಿಡಿಸುವ ಜಿನ್ನಿನಿಂದ ಈಗಷ್ಟೇ ಹಾರಿ ಬಂದ ಹತ್ತಿಯ ಅರಳಿಯ ಹಾಗೆ ಇತ್ತೆಂದು ಮಗಳು ಸುಮಾ ಆ ಹೆಸರಿಟ್ಟಳು. ಮೊಲ ಅವಳದೇ. ಆದರೆ ಅವಳನ್ನು ಕೊಟ್ಟದ್ದು ಬ್ಯಾಡಗಿಗೆ, ಅದೂ ಮೆಣಸಿನಕಾಯಿ ಅಡತಿ ಅಂಗಡಿಯವರ ಮನೆಗೆ. ಮದುವೆಯಾದ ಹೊಸದರಲ್ಲಿ ಅರಳಿಯನ್ನೂ ಬುಟ್ಟಿಯಲ್ಲಿ ಕೂಡಿಸಿ ಕಳಿಸಿದ್ದೆವು. ಆ ಮನೆಯ ಪಡಸಾಲೆಯಲ್ಲಿ ಮೆಣಸಿನಕಾಯಿಯ ಘಾಟಿಗೆ ಮನುಷ್ಯರೇ ಒಂದು ಗಳಿಗೆ ತಡೆದು ಸೀನುತ್ತಾರೆ. ಮೊಲವಂತೂ ಬುಟ್ಟಿಯಿಂದ ಇಳಿದ ಕ್ಷಣದಿಂದ ಸೀನತೊಡಗಿದ್ದು ನಿಲ್ಲಿಸಲೇ ಇಲ್ಲ. ಬೀಗರು ಸಂಕೋಚಪಟ್ಟು, ನಾವೂ ಸಂಕೋಚಪಟ್ಟು, ಕೊನೆಗೆ ಮಗಳು ಅಲ್ಲಿ ಉಳಿದಳು, ಮೊಲ ತವರಿಗೆ ಮರಳಿತು. ಬೀಗಿತ್ತಿಯೊಡನೆ ಸಂಬಂಧ ಬೆಳೆಸಿ ಮೊಲದೊಡನೆ ಮನೆಗೆ ಬಂದ ತಾಯಿ ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ನಮ್ಮ ಹಾವೇರಿಯಿಂದ ಬ್ಯಾಡಗಿ ದೂರದ ಊರೇನಲ್ಲ. ರೈಲು ಹತ್ತಿ, ಕಿಟಕಿಯ ಪಕ್ಕ ಸೀಟು ಸಿಕ್ಕಿತಲ್ಲ ಎಂದು ಹಿಗ್ಗುವಷ್ಟರಲ್ಲಿ ಇಳಿಯಬೇಕಾಗುತ್ತದೆ. ಆದರೆ ಹತ್ತಿರವಿರುವವರನ್ನು ನೋಡಲು ನೆಪ ಬೇಕಾಗುತ್ತದೆ, ದೂರವಿದ್ದವರಿಗಾದರೆ ನೆನಪೇ ನೆಪವಾಗುತ್ತದೆ. ಸುಮಾಳಿಗೆ ಕೂಸು ಚಿಕ್ಕದು, ಮೆಣಸಿನಕಾಯಿ ಸುಗ್ಗಿ ದೊಡ್ಡದು. ಮಾಲು ತಂದ ರೈತರು, ನೋಡಲು ಬಂದ ವ್ಯಾಪಾರಿಗಳು, ಎಲ್ಲರಿಗೂ ಆ ಮನೆಯಲ್ಲಿ ಊಟಕ್ಕೆ ಎಲೆ ಇರುತ್ತದೆ. ಬಡಿಸುವವಳು ಸೊಸೆ. ದಿನವೂ ಫೋನಿನಲ್ಲಿ ನಾನು ‘ಊಟ ಆತೇನು?’ ಎನ್ನುತ್ತಿದ್ದೆ, ಅವಳು ‘ಆತವಾ’ ಎನ್ನುತ್ತಿದ್ದಳು, ಆಮೇಲೆ ಇಬ್ಬರೂ ಅರಳಿಯ ವಿಚಾರ ಮಾತಾಡುತ್ತಿದ್ದೆವು.

ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಚೊಚ್ಚಲ ಬಾಣಂತನ ತವರಿನದು. ಅದಕ್ಕಾಗಿ ನಾನು ನಡೆಸಿದ ಸಿದ್ಧತೆ ಒಂದು ಸಂಸ್ಥಾನಕ್ಕೆ ಸಾಲುವಂತಿತ್ತು. ಹಳೆಯ ಸೀರೆಗಳ ಕೌದಿ ಹೊಲಿಸಿದ್ದೆ, ಅಜವಾನ, ಲೋಬಾನ ಕಟ್ಟಿಟ್ಟಿದ್ದೆ, ಹಿತ್ತಲಲ್ಲಿ ಸಬ್ಬಸಗಿ ಬಿತ್ತಿದ್ದೆ, ಅವಳ ಕಿವಿಗೆ ಗಾಳಿ ಹೋಗಬಾರದೆಂದು ಗಿಳಿಹಸಿರು ಉಣ್ಣೆಯ ಸ್ಕಾರ್ಫು ಹೆಣೆದಿದ್ದೆ. ಅವಳು ಹೆರಿಗೆಗೆಂದು ದವಾಖಾನೆ ಸೇರಿದ ವಾರವೇ ನಾನು ಹಿತ್ತಲ ಕಟ್ಟೆಯ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡೆ. ನೀರೆರೆಯುವ ಕೈಯೇ ಪ್ಲಾಸ್ಟರಿನಲ್ಲಿ ಕೂತಾಗ ಬಾಣಂತಿಯನ್ನು ಕರೆತಂದು ಏನು ಮಾಡಲಿ? ಬೀಗಿತ್ತಿ ದೊಡ್ಡ ಮನಸ್ಸಿನವರು. “ನೀವು ಕೈ ನೋಡ್ಕೊಳ್ರಿ, ಆಕಿ ನಮ್ಮ ಮಗಳೂ ಹೌದಲ್ರಿ,” ಎಂದು ಎಲ್ಲವನ್ನೂ ತಾವೇ ಮಾಡಿದರು, ಚೆಂದವಾಗಿಯೇ ಮಾಡಿದರು. ದೂರಲು ಒಂದು ಎಳ್ಳಿನಷ್ಟೂ ಜಾಗ ಸಿಗಲಿಲ್ಲವೆಂಬುದೇ ನನ್ನ ದುಃಖ. ಕೈ ಕೂಡಿತು, ಕೂಸು ಅಂಬೆಗಾಲಿಡತೊಡಗಿತು, ಕೌದಿ, ಸ್ಕಾರ್ಫು ಟ್ರಂಕಿನಲ್ಲಿಯೇ ಉಳಿದವು. 

ಹೀಗಿರುವಾಗ ಅರಳಿಗೆ ಒಂದು ವಿಚಿತ್ರ ಹಂಬಲ ಶುರುವಾಯಿತು. ಎದೆಯ ಕೂದಲನ್ನು ತಾನೇ ಕಿತ್ತು, ನಮ್ಮ ಮನೆಯವರು ಇನ್ನೂ ಓದದ ಪೇಪರನ್ನು ಹರಿದು, ಮಂಚದ ಕೆಳಗೆ ಗೂಡು ಮಾಡಿ ಕಾಯುತ್ತ ಕೂತಿತು. ಗಂಡು ಮೊಲದ ಮುಖವನ್ನೇ ಕಾಣದ ಜೀವ ಅದು. ರಾಣೆಬೆನ್ನೂರಿನ ಪಶುವೈದ್ಯರು ನೋಡಿ, ಇದು ಸುಳ್ಳು ಬಸಿರು, ಮತ್ತೆ ಮತ್ತೆ ಬರುತ್ತದೆ, ಮುಂದೆ ಗರ್ಭಕೋಶದಲ್ಲಿ ಗಂಟಾಗುವ ಭಯವೂ ಉಂಟು, ತೆಗೆಸುವುದೇ ಕ್ಷೇಮ ಎಂದರು. ಸುಮಾಳೂ ಹೂಂ ಎಂದಳು. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಾಗ ಪಕ್ಕದ ಹೆಂಗಸು ಏನೆಂದು ಕೇಳಿದಳು. “ಆಪರೇಶನ್‌ಗೆ ಹೊಂಟೇವ್ರಿ,” ಎಂದೆ. ಅವಳು ಬುಟ್ಟಿಯತ್ತ ನೋಡದೆ ನನ್ನತ್ತ ಮರುಕದಿಂದ ನೋಡಿ, ಇನ್ನಷ್ಟು ಜಾಗ ಬಿಟ್ಟುಕೊಟ್ಟಳು.

ಆಪರೇಶನ್ನು ಸುಸೂತ್ರವಾಯಿತು. ಮರಳಿ ಕೊಡುವಾಗ ಡಾಕ್ಟರು ನೋವಿನ ಔಷಧಿ, ಸೂಜಿಯಿಲ್ಲದ ಸಿರಿಂಜು ಕೊಟ್ಟು ಹೇಳಿದ್ದು ಒಂದೇ ಮಾತು: “ಮೊಲಕ್ಕ ಉಪಾಸ ನಡೆಂಗಿಲ್ರಿ. ಲಗೂನ ಏನರೆ ತಿನ್ನಬೇಕು. ಹಿಕ್ಕಿ ಹಾಕ್ತೈತೋ ಇಲ್ಲೋ ನೋಡ್ರಿ. ನಾಳೆ ಸಂಜಿತನಾ ತಾನಾಗೆ ಬಾಯಿ ಹಚ್ಚಲಿಲ್ಲಂದ್ರ ಹೊಟ್ಟಿ ನಿಂತುಬಿಡತೈತಿ, ತಿರುಗಿ ತರ್ರಿ. ತಡ ಮಾಡಿದ್ರ ಉಳಿಯಂಗಿಲ್ರಿ.”

ಮನೆಗೆ ಬಂದೆ. ಆಪರೇಶನ್ ಆದ ಹೆಣ್ಣುಜೀವ, ಹೊಟ್ಟೆಯ ಮೇಲೆ ಹೊಲಿಗೆ, ಮೈಯಲ್ಲಿ ನಡುಕ. ಮುಂದೇನಾಯಿತೆಂದು ನನಗೂ ಸರಿಯಾಗಿ ತಿಳಿಯದು. ಕೈಗಳು ತಾವಾಗಿ ಟ್ರಂಕು ತೆರೆದವು. ಕೌದಿ ಹೊರಬಂತು. ಅಗ್ಗಿಷ್ಟಿಕೆ ಹೊರಬಂತು. ಕಿಟಕಿಗಳು ಮುಚ್ಚಿದವು. ಅಜವಾನದ ಹೊಗೆ ಏರಿತು. ಅರಳಿಯ ಎರಡು ನೀಳ ಕಿವಿಗಳನ್ನು ಬೆನ್ನಿಗೆ ಒತ್ತಿ ಗಿಳಿಹಸಿರು ಸ್ಕಾರ್ಫಿನಿಂದ ಬಿಗಿದು ಗದ್ದದ ಕೆಳಗೆ ಗಂಟು ಹಾಕಿದೆ. ತಣ್ಣೀರು ದೂರವಾಗಿ ಬಟ್ಟಲಿಗೆ ಬಿಸಿನೀರು ಬಂತು. ಕೋರ್ಟಿನಿಂದ ಬಂದ ನಮ್ಮ ಮನೆಯವರು, ಗುಮಾಸ್ತಿಕೆಯಲ್ಲಿ ತರಹೇವಾರಿ ದೃಶ್ಯ ಕಂಡವರು, ಬಾಗಿಲಲ್ಲಿಯೇ ನಿಂತರು. “ಬಾಣಂತಿಗೆ ಅಂಟಿನ ಉಂಡಿ ಯಾವಾಗ ಮಾಡಾಕಿ?” ಎಂದರು. ಅವರ ಹಾಸ್ಯಕ್ಕೆ ನಾನು ಕಿವಿಗೊಡಲಿಲ್ಲ.

ಅರಳಿ ತಿನ್ನಲಿಲ್ಲ. ಸಬ್ಬಸಗಿ ಇಟ್ಟೆ, ಗರಿಕೆ ಇಟ್ಟೆ, ಅದಕ್ಕೆ ಪ್ರಾಣವಾಗಿದ್ದ ಕೊತ್ತಂಬರಿಯನ್ನು ಮೂಗಿಗೇ ಹಿಡಿದೆ. ಮುಖ ತಿರುಗಿಸಿತು. ಮರುದಿನವೂ ಅದೇ. ಸೊಪ್ಪು ಅರೆದು ಸಿರಿಂಜಿನಿಂದ ಬಾಯಿಯ ಬದಿಗೆ ಬಿಟ್ಟರೆ ತುಸು ನುಂಗಿ, ಉಳಿದದ್ದನ್ನು ನನ್ನ ಸೀರೆಗೆ ಅರ್ಪಿಸಿತು. ಹಿಕ್ಕೆಗಾಗಿ ನಾನು ಕೌದಿಯ ಮಡಿಕೆಗಳನ್ನು ಬಿಡಿಸಿ ಬಿಡಿಸಿ ನೋಡುತ್ತಿದ್ದೆ. ಕಾವ್ಯ, ವ್ಯಾಕರಣ ಕಲಿಸಿ ನಿವೃತ್ತಳಾದವಳಿಗೆ ಮೊಲದ ಹಿಕ್ಕೆಯ ದರ್ಶನವೇ ಪುರುಷಾರ್ಥವಾಗಿಬಿಟ್ಟಿತ್ತು. ಒಂದೂ ಕಾಣಲಿಲ್ಲ. ಅರಳಿಗೆ ‘ಆತ್ರಿ’ ಎಂದು ಹೇಳಿ ನನ್ನನ್ನು ಸಮಾಧಾನಪಡಿಸಲೂ ಬರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನಗೆ ನಿಜವಾಗಿಯೂ ಭಯವಾಯಿತು. ಮಗಳು ನಂಬಿ ಬಿಟ್ಟುಹೋದ ಒಂದು ಜೀವವನ್ನೂ ನೋಡಿಕೊಳ್ಳಲಾಗಲಿಲ್ಲವೆಂದು ಅವಳಿಗೆ ಹೇಗೆ ಹೇಳುವುದು?

ಆಗಲೇ ಅವಳ ವಿಡಿಯೋ ಕರೆ ಬಂತು. ಫೋನನ್ನು ಅರಳಿಯ ಕಡೆ ತಿರುಗಿಸಿದೆ. ಸುಮಾ ಮೊದಲು ನಕ್ಕಳು, ಎಷ್ಟು ನಕ್ಕಳೆಂದರೆ ಹಿಂದೆ ಕೂಸೂ ಕೇಕೆ ಹಾಕಿತು. ಆಮೇಲೆ ಫೋನಿಗೆ ಮುಖ ಹತ್ತಿರ ತಂದಳು.

“ಯವ್ವಾ, ಆ ಸ್ಕಾರ್ಫ್ ನನಗಂತ ಹೆಣೆದದ್ದೇನು?”

“ಹೂಂ.”

“ನನಗ ತೋರಿಸೇ ಇಲ್ಲಲ್ಲ.”

ನಾನು ಅರಳಿಯ ಗದ್ದದ ಕೆಳಗಿನ ಗಂಟನ್ನು ಸರಿಮಾಡಿದೆ. ಸುಮಾ ತಡೆದಳು. “ಮೊದಲ ಅದರ ಕಿವಿ ಬಿಚ್ಚವಾ. ಮೊಲಕ್ಕ ಮೈಯಾನ ಸೆಕಿ ಹೊರಗ ಹೋಗೋದ ಕಿವಿಯಿಂದ. ಕಿಡಕಿ ತಗಿ, ಆ ಹೊಗಿ ಆರಿಸು. ಬಾಣಂತಿ ಅಲ್ಲ ಅದು.”

ಬಿಚ್ಚಿದೆ. ಕಿವಿಗಳು ಮುದುರಿದ ಎಲೆಯಂತೆ ನಿಧಾನಕ್ಕೆ ಎದ್ದವು. ಗಾಳಿಯಾಡಿತು, ತಣ್ಣನೆಯ ನೀರಿಗೆ ಅರಳಿ ಒಮ್ಮೆ ನಾಲಿಗೆ ಚಾಚಿತು. ಆದರೂ ಸೊಪ್ಪಿನತ್ತ ನೋಡಲಿಲ್ಲ.

“ನೀವು ಈಗ ಟೇಬಲ್ ಮ್ಯಾಲ ಉಣ್ಣತೀರಲ್ಲ,” ಎಂದಳು ಸುಮಾ. “ನಾ ಇದ್ದಾಗ ನೆಲದ ಮ್ಯಾಲ ಕೂತು ಉಣ್ಣತಿದ್ದೆ. ನನ್ನ ತಾಟಿಗೆ ಬಂದು ಮೆಂತ್ಯ ಎಳಕೊಂಡು ತಿಂತಿತ್ತು. ಒಬ್ಬಾಕಿನ ಎಂದಾರೆ ತಿಂದೈತೇನು ಅದು? ನೀ ತಾಟು ಹಚ್ಚಿಕೊಂಡು ಅದರ ಬಾಜೂ ಕುಂದ್ರು.”

ನಮ್ಮ ರೊಟ್ಟಿಯ ತಾಟು ನಿಮಗೆ ಗೊತ್ತಲ್ಲ. ರೊಟ್ಟಿ, ಪಲ್ಲೆ, ಶೇಂಗಾ ಚಟ್ನಿ, ಅದರ ಪಕ್ಕ ಹಸಿ ಮೆಂತ್ಯದ ಎಳೆ, ಎಲೆ ಸಮೇತ ಮೂಲಂಗಿ, ಸೌತೆಕಾಯಿ. ಅರ್ಧ ತಾಟು ಮನುಷ್ಯರದು, ಅರ್ಧ ಮೊಲದ್ದೇ. ನೆಲಕ್ಕೆ ಕೂತೆ, ಮೊಣಕಾಲುಗಳು ತಮ್ಮ ಅಭಿಪ್ರಾಯ ತಿಳಿಸಿದವು. ಫೋನನ್ನು ನೀರಿನ ಚರಿಗೆಗೆ ಆನಿಸಿ ನಿಲ್ಲಿಸಿದೆ. ರೊಟ್ಟಿ ಮುರಿದು, ರೂಢಿಯ ಮಾತನ್ನು ರೂಢಿಯಂತೆಯೇ ಕೇಳಿದೆ. “ನಿಂದು ಊಟ ಆತೇನು?”

ಹಿಂದಿನಿಂದ ಬೀಗಿತ್ತಿಯ ದನಿ ಬಂತು. “ಎಲ್ಲಿ ಆಗೈತ್ರಿ? ನಾ ಹೇಳಿ ಹೇಳಿ ಸಾಕಾತು. ನೀವಾರೆ ಹೇಳ್ರಿ.”

ಸುಮಾ ತಲೆ ತಗ್ಗಿಸಿದಳು. “ಇಲ್ಲವಾ. ಬಡಿಸೋದ್ರಾಗ ಹೊತ್ತ ಆಗಿಬಿಡತೈತಿ. ಒಬ್ಬಾಕಿನ ಕೂತ್ರ ಸೇರಂಗಿಲ್ಲ.”

ಎಷ್ಟು ದಿನಗಳಿಂದ ಅವಳ ‘ಆತವಾ’ ನನ್ನ ಕಿವಿಗೆ ಬೀಳುತ್ತಿತ್ತು, ನಾನು ಎಷ್ಟು ನೆಮ್ಮದಿಯಿಂದ ಅದನ್ನು ನುಂಗುತ್ತಿದ್ದೆ. ಕೌದಿಯ ಮಡಿಕೆ ಬಿಡಿಸಿ ನೋಡಿದ ಹಾಗೆ ಆ ಮಾತನ್ನು ಬಿಡಿಸಿ ನೋಡಿರಲಿಲ್ಲ. “ತಾಟು ಹಚ್ಚಿಕೊಂಡು ಬಾ,” ಎಂದೆ. “ನೀ ಬರೋತನಕ ನಾ ತುತ್ತ ಎತ್ತಂಗಿಲ್ಲ.”

ಬೀಗಿತ್ತಿ ಕೂಸನ್ನು ಎತ್ತಿಕೊಂಡರು. ಸುಮಾ ತಾಟು ತಂದು ಬ್ಯಾಡಗಿಯ ನೆಲದ ಮೇಲೆ ಕೂತಳು. ನಾನು ಹಾವೇರಿಯ ನೆಲದ ಮೇಲೆ ಕೂತಿದ್ದೆ. ಇಬ್ಬರೂ ಉಂಡೆವು. ಅವಳು ಹಸಿದಿದ್ದಳೆಂದು ಅವಳು ರೊಟ್ಟಿ ಮುರಿಯುವ ರೀತಿಯಲ್ಲಿಯೇ ಗೊತ್ತಾಯಿತು. ಎರಡನೆಯ ರೊಟ್ಟಿಯನ್ನು ನಾನೇ ಬಡಿಸಬೇಕೆನಿಸಿ ಕೈ ಮುಂದೆ ಹೋಗಿ, ಫೋನಿನ ಗಾಜಿಗೆ ತಾಗಿ ನಿಂತಿತು.

ಅಷ್ಟರಲ್ಲಿ ನನ್ನ ತಾಟಿನ ಅಂಚು ಅಲುಗಿತು. ಬಿಳಿಯ ಮೂತಿಯೊಂದು ಮೆಂತ್ಯದ ಎಳೆಯನ್ನು ಎಳೆದುಕೊಂಡು ಒಳಗೆ ಒಳಗೆ ಒಯ್ಯುತ್ತಿತ್ತು. ಕರಕರ ಸದ್ದು ಬಂತು. ನಾನು ಉಸಿರಾಡಲೂ ಹೆದರಿ ಕೂತೆ. ಒಂದು ಎಳೆ ಮುಗಿದು ಇನ್ನೊಂದಕ್ಕೆ ಬಾಯಿ ಹಾಕಿತು.

“ಉಂಡಳು,” ಎಂದೆ. 

ಹೊರಗೆ ಚಪ್ಪಲಿ ಬಿಡುತ್ತಿದ್ದ ನಮ್ಮ ಮನೆಯವರು ಕೇಳಿದರು. “ಯಾರು?”

“ಇಬ್ಬರೂ,” ಎಂದೆ.

ಮರುದಿನ ಮುಂಜಾನೆ ಹಿಕ್ಕೆಯ ದರ್ಶನವೂ ಆಯಿತು. ಅದರ ವರ್ಣನೆಯಿಂದ ನಿಮ್ಮನ್ನು ಉಳಿಸುತ್ತೇನೆ. ಸ್ಕಾರ್ಫನ್ನು ಒಗೆದು, ಹಿತ್ತಲಿನ ಸಬ್ಬಸಗಿಯ ಜೊತೆ ಬ್ಯಾಡಗಿಗೆ ಒಯ್ದು ಕೊಟ್ಟೆ. ಮೊಲದ ಕೂದಲು ಅಂಟಿದ್ದನ್ನು ಅವಳು ಬಿಡಿಸಲಿಲ್ಲ. ಬಿಸಿಲಿತ್ತು, ಆದರೂ ನನ್ನೆದುರು ಒಮ್ಮೆ ತಲೆಗೆ ಕಟ್ಟಿಕೊಂಡು ತೋರಿಸಿದಳು.

ಈಗಲೂ ದಿನಾ ಫೋನು ಮಾಡುತ್ತೇನೆ, ಊಟ ಆತೇನು ಎಂದು ಕೇಳುತ್ತೇನೆ. ಆತವಾ ಎನ್ನುತ್ತಾಳೆ. ಏನು ಉಂಡಿ ಎಂದು ಕೇಳುತ್ತೇನೆ. ಉತ್ತರ ಕೂಡಲೇ ಬಂದರೆ ಸರಿ. ಒಂದು ಗಳಿಗೆ ತಡವಾದರೆ ಫೋನನ್ನು ಚರಿಗೆಗೆ ಆನಿಸಿಟ್ಟು, ಮೆಂತ್ಯ ತೊಳೆದು, ನೆಲದ ಮೇಲೆ ತಾಟು ಹಚ್ಚಿಕೊಂಡು ಕಾಯುತ್ತೇನೆ.